ಪನ್ನು ನೋಡಲು ಬಂದವರು

ನನ್ನ ಹಲ್ಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟಳು ಅನ್ನಿಸಿಕೊಳ್ಳುವುದು ಬೇಡ. ನನ್ನ ಹಲ್ಲು ಸಾಲಾಗಿವೆ, ಗಟ್ಟಿಯಾಗಿವೆ, ಈ ವಯಸ್ಸಿನಲ್ಲೂ ಹುರಿದ ಕಡಲೆಕಾಳು ಕಟಕಟ ಅಗಿಯುತ್ತವೆ. ಬಣ್ಣ ಮಾತ್ರ ಕಂದು. ಒಂದೇ ಸಮನಾದ ಕಂದಾಗಿದ್ದರೂ ಪರವಾಗಿರಲಿಲ್ಲ. ಅಡ್ಡಡ್ಡಕ್ಕೆ ಪಟ್ಟೆ, ಪಟ್ಟೆಯ ನಡುವೆ ಸುಣ್ಣ ಸಿಡಿದಂಥ ಬಿಳಿ ಮಚ್ಚೆ. ಇಂಥ ಹಲ್ಲು ಕೊಟ್ಟ ದೇವರು ಅದರ ಜೊತೆಗೇ ಕಾರಣವಿಲ್ಲದೆ ನಗುವ ಬುದ್ಧಿಯನ್ನೂ ಕೊಟ್ಟುಬಿಟ್ಟ. ಯಾರಾದರೂ ಗಂಭೀರವಾಗಿ ಕೂತಿದ್ದರೆ ಸಾಕು, ನನಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು. ಪೂಜೆ, ಪಾಠ, ಸಾವಿನ ಮನೆ ಯಾವುದೂ ಅದಕ್ಕೆ ಅಡ್ಡಿಯಾಗಿರಲಿಲ್ಲ.

ನಮ್ಮೂರು ಚಿಂತಾಮಣಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ನಿಂತರೆ ಎರಡೂ. ನಮ್ಮ ಹಿತ್ತಲಲ್ಲಿ ಅಪ್ಪನ ತಾತ ಬಂಡೆ ಒಡೆಸಿ ತೋಡಿಸಿದ ಆಳವಾದ ಬಾವಿಯಿತ್ತು. ಎಂಥ ಬೇಸಿಗೆಗೂ ಬತ್ತುತ್ತಿರಲಿಲ್ಲ. ನೆಂಟರು ಬಂದರೆ ಅಪ್ಪ ಕಾಫಿಗಿಂತ ಮೊದಲು ಒಂದು ಚೊಂಬು ಆ ನೀರು ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. "ಚೆನ್ನಾಗಿದೆ" ಅನ್ನಿಸಿಕೊಳ್ಳದೆ ಯಾರನ್ನೂ ಬಿಟ್ಟವರಲ್ಲ.

ಅಮ್ಮ ನಂದಿಯವಳು. ಹದಿನಾರಕ್ಕೆ ಮದುವೆಯಾಗಿ ಈ ಊರಿಗೆ ಬಂದವಳು. ಅವಳ ಹಲ್ಲು ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ. ನನ್ನ ಪಾಲಿನ ಕಷ್ಟಕ್ಕೆ ಮೂಲ ಅದೇ.

"ನಾನೂ ಇದೇ ಅನ್ನ ತಿಂತೀನಿ, ಇದೇ ನೀರು ಕುಡೀತೀನಿ. ನನ್ನ ಹಲ್ಲು ನೋಡು, ನಿನ್ನ ಹಲ್ಲು ನೋಡು. ಉಜ್ಜೋಕೆ ಸೋಮಾರಿತನ ಕಣೇ ನಿಂಗೆ" ಅನ್ನುತ್ತಿದ್ದಳು.

ದಿನಾ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಅವಳೇ ಉಜ್ಜುತ್ತಿದ್ದಳು. ಇದ್ದಿಲು ಉಪ್ಪು ಒಂದು ತಿಂಗಳು, ಇಟ್ಟಿಗೆ ಪುಡಿ ಒಂದು ತಿಂಗಳು, ಆಮೇಲೆ ರಾಗಿ ಹೊಟ್ಟಿನ ಬೂದಿ, ಅದರ ಮೇಲೆ ನಿಂಬೆ ಸಿಪ್ಪೆ. ಚಿಂತಾಮಣಿಯ ಅಂಗಡಿಯಿಂದ ತರಿಸಿದ ಗುಲಾಬಿ ಬಣ್ಣದ ಹಲ್ಲುಪುಡಿಯೂ ಆಯಿತು. ವಸಡಿನಿಂದ ರಕ್ತ ಬರುವವರೆಗೂ ಅವಳ ಬೆರಳು ನಿಲ್ಲುತ್ತಿರಲಿಲ್ಲ. ನಾನು ಅಳುತ್ತಿದ್ದೆ, ಅವಳು ಹಲ್ಲು ಕಚ್ಚಿಕೊಂಡು ಉಜ್ಜುತ್ತಿದ್ದಳು. ಪಟ್ಟೆ ಇದ್ದಲ್ಲೇ ಇರುತ್ತಿತ್ತು.

ಊರಲ್ಲಿ ಇನ್ನೊಂದು ವಿಚಿತ್ರವಿತ್ತು. ಹೊರಗಿಂದ ಬಂದ ಸೊಸೆಯಂದಿರ ಹಲ್ಲು ಬಿಳಿ, ಊರಲ್ಲೇ ಹುಟ್ಟಿದವರದ್ದು ಕಂದು. ಗಂಡಸರು ಎಲೆಅಡಿಕೆ ಹಾಕಿ ಕೆಂಪು ಬಳಿದುಕೊಂಡು ಪಾರಾಗುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಅನುಕೂಲವಿರಲಿಲ್ಲ. ತವರಿನಲ್ಲಿ ಮುದ್ದಾಗಿ ಬೆಳೆದು ಬೆಲ್ಲ ಜಾಸ್ತಿ ತಿಂದಿದ್ದರಿಂದ ಹೀಗಾಗಿದೆ ಎಂದು ಮುದುಕಿಯರು ತೀರ್ಪು ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿಗೆ ಬೀಗವಿತ್ತು ಅಂದರೆ ಯಾರೂ ನಂಬುತ್ತಿರಲಿಲ್ಲ.

ನನಗೆ ಹದಿನೆಂಟು ತುಂಬುವಷ್ಟರಲ್ಲಿ ಎರಡು ಗಂಡು ಬಂದು ಹೋಗಿದ್ದವು. ಮೊದಲನೆಯವರು ಕೈವಾರದ ಕಡೆಯವರು. ಹುಡುಗನ ದೊಡ್ಡಪ್ಪ ಚಕ್ಕುಲಿಯನ್ನು ಮುರಿಯಲಾಗದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ಕಿಸಕ್ಕನೆ ನಕ್ಕೆ. ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲು ಮಾತ್ರ ಹೀಗಾಯಿತಲ್ಲ ಎಂದು ನಾಲ್ಕು ದಿನಕ್ಕೆ ಸುದ್ದಿ ಬಂತು. ಎರಡನೆಯ ಸಲ ಅಮ್ಮನ ಆಣೆಯಂತೆ ತುಟಿ ಹೊಲಿದುಕೊಂಡವಳ ಹಾಗೆ ಕೂತೆ. ಏನು ಕೇಳಿದರೂ ಬಾಯಿ ಬಿಡಲಿಲ್ಲ. ಹುಡುಗಿ ಮೂಗಿ, ಮುಚ್ಚಿಟ್ಟು ಮದುವೆ ಮಾಡಲು ನೋಡಿದರು ಎಂದು ಅವರು ಊರೆಲ್ಲ ಹೇಳಿಕೊಂಡು ಹೋದರು.

ಮೂರನೆಯದು ಮೇಲೂರಿನವರು. ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ಹುಡುಗ ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತ. ನಂದಿಯ ಸೋದರಮಾವ ಗೊತ್ತು ಮಾಡಿದ ಸಂಬಂಧ. ನಮ್ಮ ಮನೆಯಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ. ಮಾವನೇ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಇದೂ ತಪ್ಪಿದರೆ ಮತ್ತೆ ಯಾರನ್ನು ಕೇಳುವುದು ಎಂದು ಅಪ್ಪ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಒಂದು ದಿನ ನನಗೂ ನಗು ಬರಲಿಲ್ಲ. ಅಮ್ಮ ಈ ಸಲ ಹೊಸ ಉಪಾಯ ಹೂಡಿದಳು: ತುಟಿ ಅಗಲಿಸದೆ ಹೇಳಬಹುದಾದ ಮಾತುಗಳನ್ನು ಆರಿಸಿ ಅಭ್ಯಾಸ ಮಾಡಿಸಿದಳು. "ಹೂಂ", "ಉಹೂಂ", "ಗೊತ್ತು" ಇವಿಷ್ಟು ಪರವಾಗಿರಲಿಲ್ಲ. ನನ್ನ ಹೆಸರಿನಲ್ಲಿ ಮಾತ್ರ ಒಂದು ದೀರ್ಘ 'ಈ' ಇತ್ತು, ಹಲ್ಲು ಕಾಣದ ಹಾಗೆ ಅದನ್ನು ಹೇಳಲು ಸಾಧ್ಯವೇ ಇಲ್ಲ. ಹೆಸರು ಕೇಳಿದರೆ ಅಪ್ಪ ಹೇಳುವುದು ಎಂದು ತೀರ್ಮಾನವಾಯಿತು.

ಅವರು ಬರುವ ಹಿಂದಿನ ದಿನ ಸಂಜೆ ತಳವಾರ ತಮಟೆ ಬಡಿದುಕೊಂಡು ಬೀದಿ ಬೀದಿ ಸಾರಿದ.

"ರೇಪು ಗೌರ್ಮೆಂಟೋಳ್ಳು ವಸ್ತಾರು, ಇಂಟಿಂಟಿಕೀ ಪನ್ನು ಚೂಸ್ತಾರು, ಎವುರೂ ಊರು ವಿಡಿಚಿ ಪೋಕೂಡದು."

ನಾಳೆ ಸರ್ಕಾರದವರು ಬರುತ್ತಾರೆ, ಮನೆ ಮನೆಗೂ ಬಂದು ಪನ್ನು ನೋಡುತ್ತಾರೆ, ಯಾರೂ ಊರು ಬಿಟ್ಟು ಹೋಗಕೂಡದು. ಪನ್ನು ಅಂದರೆ ತೆಲುಗಿನಲ್ಲಿ ಹಲ್ಲು. ಪನ್ನು ಅಂದರೆ ತೆರಿಗೆಯೂ ಹೌದು. ಬೆಂಗಳೂರಿನ ಹಲ್ಲಿನ ಡಾಕ್ಟರರು ಬರುತ್ತಾರೆ, ಜನರಿಗೆ ತಿಳಿಸು ಎಂದು ಪಟೇಲರು ಅವನಿಗೆ ಕನ್ನಡದಲ್ಲೇ ಹೇಳಿದ್ದರಂತೆ. ಅದನ್ನು ತೆಲುಗು ಮಾಡುವಾಗ ಆ ಪುಣ್ಯಾತ್ಮ ಬಹಳ ಯೋಚಿಸಿದ್ದ. ಸಾಮಾನ್ಯವಾಗಿ ಎಲ್ಲರೂ ಅನ್ನುವ ಹಾಗೆ 'ಪಳ್ಳು' ಅಂದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಆದರೆ ಪಳ್ಳು ಅಂದರೆ ಹಣ್ಣು ಎಂದೂ ಅರ್ಥವಾಗುತ್ತದಲ್ಲ, ಜನ ಮಾವಿನಹಣ್ಣು ಹಿಡಿದುಕೊಂಡು ನಿಂತಾರು ಎಂದು ಹೆದರಿ, ಅನುಮಾನಕ್ಕೆ ಎಡೆಯಿಲ್ಲದಿರಲೆಂದು 'ಪನ್ನು' ಅಂದ.

ಬೆಳಗಾಗುವಷ್ಟರಲ್ಲಿ ಊರು ಖಾಲಿ. ಬಾಗಿಲಿಗೆಲ್ಲ ಬೀಗ. ಎಮ್ಮೆ, ಎತ್ತು, ಹೊಲಿಗೆ ಯಂತ್ರ, ಸೈಕಲ್ಲು, ತೆರಿಗೆಗೆ ಸಿಕ್ಕಬಹುದಾದದ್ದೆಲ್ಲ ಕೆರೆಯಾಚೆ ಹೊಂಗೆ ತೋಪು ಸೇರಿತ್ತು. ಎದುರು ಮನೆಯವರು ಗೋಡೆ ಗಡಿಯಾರವನ್ನು ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದನ್ನು ನಾನೇ ನೋಡಿದೆ. ಗಡಿಯಾರ ಕಂಬಳಿಯೊಳಗೇ ಐದು ಹೊಡೆಯಿತು.

ನಮ್ಮ ಮನೆ ಬಾಗಿಲು ಒಂದೇ ತೆರೆದಿದ್ದದ್ದು. "ತೆರಿಗೆಯೋರು ಬಂದ್ರೆ ಬರ್ಲಿ, ಗಂಡಿನೋರ್ಗೆ ಬರ್ಬೇಡಿ ಅನ್ನೋಕಾಗುತ್ತಾ" ಎಂದು ಅಪ್ಪ ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ಕೂತರು. ಒಳಗೆ ಅಮ್ಮ ಒಂದು ವರ್ಷದ ತಂಗಿಯನ್ನು ಸೊಂಟದಲ್ಲಿಟ್ಟುಕೊಂಡೇ ಉಪ್ಪಿಟ್ಟು ಕೇಸರಿಬಾತು ಮಾಡಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಜೀಪೊಂದು ಬಂದು ನಮ್ಮ ಮನೆಯ ಮುಂದೆಯೇ ನಿಂತಿತು. ಇಳಿದವರು ಮೂರು ಜನ: ಕನ್ನಡಕ ಹಾಕಿದ್ದ ಹಿರಿಯರೊಬ್ಬರು, ಷರಾಯಿ ತೊಟ್ಟ ಒಬ್ಬ ಯುವಕ, ಕೈಯಲ್ಲಿ ಪುಸ್ತಕ ಹಿಡಿದ ಒಬ್ಬ ಹುಡುಗಿ. ಅಪ್ಪ ಕಣ್ಣಳತೆಯಲ್ಲೇ ಲೆಕ್ಕ ಹಾಕಿದರು: ತಂದೆ, ಹುಡುಗ, ಹುಡುಗನ ತಂಗಿ. ಮಾವ ಕಾಣಲಿಲ್ಲ, ಹಿಂದೆ ಬಸ್ಸಿನಲ್ಲಿ ಬರುತ್ತಿರಬೇಕು. ತೆರಿಗೆಯವರಾಗಿದ್ದರೆ ಶಾನುಭೋಗರನ್ನು ಬಿಟ್ಟು ಬರುತ್ತಿದ್ದರೇ?

"ನಾವು ಬಂದಿರೋ ವಿಷಯ ತಿಳಿದಿದೆಯಲ್ಲ?" ಎಂದರು ಹಿರಿಯರು.

"ತಿಳಿದಿದೆ ಸ್ವಾಮಿ. ನಿಮ್ಮ ದಾರೀನೇ ಕಾಯ್ತಾ ಇದೀವಿ" ಎಂದರು ಅಪ್ಪ.

ಪಾಪ, ಆ ಹಿರಿಯರ ಮುಖ ಅರಳಿತು. ಗೌರಿಬಿದನೂರಿನ ಹಳ್ಳಿಗಳಲ್ಲಿ ಹದಿನೈದು ದಿನ ತಿರುಗಿ ಬಂದಿದ್ದರಂತೆ. ಎಲ್ಲೂ ಇಂಥ ಸ್ವಾಗತ ಸಿಕ್ಕಿರಲಿಲ್ಲ. ನೀರು ಕೊಟ್ಟಾಯಿತು, ಅಪ್ಪ ಮುಖ ನೋಡಿದ್ದಾಯಿತು. ಆ ಹಿರಿಯರು ಚೊಂಬನ್ನು ಬೆಳಕಿಗೆ ಹಿಡಿದು, "ಈ ನೀರು ಯಾವ ಬಾವೀದು? ಎಷ್ಟು ಆಳ? ಎಷ್ಟು ವರ್ಷದಿಂದ ಕುಡೀತಿದೀರಿ?" ಎಂದು ಕೇಳಿದರು. ಇಷ್ಟು ಆಸ್ಥೆಯಿಂದ ಬಾವಿಯನ್ನು ವಿಚಾರಿಸಿದ ಬೀಗರನ್ನು ಅಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಉಪ್ಪಿಟ್ಟಿನ ಮೇಲೆ ಎರಡನೆಯ ಸಲ ಕೇಸರಿಬಾತು ಬಡಿಸಿದರು.

ತಿಂಡಿ ಮುಗಿದ ಮೇಲೆ ಹಿರಿಯರು, "ಮನೇಲಿ ಎಷ್ಟು ಜನ? ಎಲ್ಲಾರ್ನೂ ನೋಡ್ಬೇಕಾಗುತ್ತೆ" ಎಂದರು.

"ಮೊದ್ಲು ಹುಡುಗೀನ ನೋಡಿ ಸ್ವಾಮಿ, ನಮ್ಮನ್ನ ನೋಡೋದೇನಿದೆ" ಎಂದು ಅಪ್ಪ ಒಳಗೆ ಕಣ್ಣು ಹಾಯಿಸಿದರು.

ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ತುಟಿ ಬಿಗಿ, ಕಣ್ಣು ನೆಲಕ್ಕೆ. ತಟ್ಟೆ ಕೆಳಗಿಟ್ಟು ಚಾಪೆಯ ಮೇಲೆ ಕೂತೆ. ಆ ಯುವಕ ಎದ್ದು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ. ಇದೇನು ಇಷ್ಟು ಹತ್ತಿರ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಜೇಬಿನಿಂದ ಟಾರ್ಚು ತೆಗೆದು, "ಬಾಯಿ ತೆಗೀಮ್ಮ" ಎಂದ.

ಮೂರನೆಯ ಗಂಡಿನವರಿಗೆ ಎಲ್ಲ ಮೊದಲೇ ಗೊತ್ತಾಗಿದೆ, ಟಾರ್ಚು ಸಮೇತ ಬಂದಿದ್ದಾರೆ ಎಂದುಕೊಂಡೆ. "ಉಹೂಂ" ಅಂದೆ.

"ಹೆದರ್ಕೋಬೇಡಮ್ಮ. ಹಲ್ಲು ನೋಡ್ತೀನಿ ಅಷ್ಟೇ."

ಅಪ್ಪ ಎದ್ದು ನಿಂತರು. "ಏನ್ರೀ, ಚಿಂತಾಮಣಿ ಸಂತೇಲಿ ಎತ್ತಿನ ಹಲ್ಲು ನೋಡ್ದಂಗೆ ನೋಡೋಕೆ ಬಂದ್ರಾ? ಮನೆತನಸ್ಥರು ಅಂತ ಕರ್ಸಿದ್ದು ನಾವು. ಇಷ್ಟ ಇದ್ರೆ ಮದ್ವೆ ಮಾತಾಡಿ, ಇಲ್ದಿದ್ರೆ ಎದ್ದು ಹೋಗಿ."

"ಮದ್ವೆನಾ?" ಎಂದ ಯುವಕ. ಟಾರ್ಚು ಅವನ ಕೈಯಲ್ಲಿ ಉರಿಯುತ್ತಲೇ ಇತ್ತು. "ಯಾರ್ದು?"

"ನಿಂದೇ ಕಣಯ್ಯ" ಎಂದರು ಅಪ್ಪ.

"ನನಗೆ ಹೋದ ವರ್ಷವೇ ಆಯ್ತಲ್ಲ ಸಾರ್" ಎಂದು ಅವನು ಪುಸ್ತಕ ಹಿಡಿದ ಹುಡುಗಿಯ ಕಡೆ ತಿರುಗಿದ. ಅವಳೂ ಡಾಕ್ಟರೇ, ಅವನ ಹೆಂಡತಿಯೇ. "ಹೌದು, ನಂಜೊತೇನೇ ಆಗಿದ್ದು" ಎಂದು ಅವಳು ಬಹಳ ಗಂಭೀರವಾಗಿ ಸಾಕ್ಷಿ ಹೇಳಿದಳು.

ಆ ಗಂಭೀರ ಮುಖವನ್ನು ನೋಡಿದ್ದೇ ನನ್ನ ಕಟ್ಟು ಒಡೆಯಿತು. ಹಿಂದಿನ ದಿನದಿಂದ ತಡೆದಿದ್ದ ನಗುವೆಲ್ಲ ಒಟ್ಟಿಗೆ ಬಂತು. ಬಾಯಿ ಇಷ್ಟಗಲ ತೆರೆದು, ಕಣ್ಣಲ್ಲಿ ನೀರು ಸುರಿಸಿ, ಗೋಡೆಗೆ ಒರಗಿಕೊಂಡು ನಕ್ಕೆ. ಆ ಯುವಕ ತನ್ನ ಕಸುಬು ಬಿಡಲಿಲ್ಲ. ಸಿಕ್ಕಿದ್ದೇ ಸಮಯವೆಂದು ಟಾರ್ಚಿನ ಬೆಳಕು ಬಿಟ್ಟು, ಹಿಡಿಯಿದ್ದ ಪುಟ್ಟ ದುಂಡು ಕನ್ನಡಿಯನ್ನು ನನ್ನ ಬಾಯಿಗಿಟ್ಟು, "ಮೇಲಿನ ಸಾಲು, ಕಲೆ ಮಧ್ಯಮ. ಕೆಳಗಿನ ಸಾಲು, ಮಧ್ಯಮ" ಎಂದು ಹೇಳತೊಡಗಿದ. ಅವನ ಹೆಂಡತಿ ಬರೆದುಕೊಳ್ಳತೊಡಗಿದಳು.

ಸರಿಯಾಗಿ ಆಗಲೇ ಬಾಗಿಲಲ್ಲಿ ಸೋದರಮಾವ ಕಾಣಿಸಿಕೊಂಡ. ಅವನ ಹಿಂದೆ ಮೇಲೂರಿನ ಹುಡುಗ, ಹುಡುಗನ ತಾಯಿ.

ಅಮ್ಮ ಒಳಬಾಗಿಲಲ್ಲಿ ನಿಂತು ಬಾಯಿ ಮುಚ್ಚು ಎಂದು ನನಗೆ ಕೈಸನ್ನೆ ಮಾಡತೊಡಗಿದಳು. ನಾನು ಕನ್ನಡಿ ಬಾಯಲ್ಲಿಟ್ಟುಕೊಂಡೇ ಇನ್ನೂ ನಗುತ್ತಿದ್ದೆ; ನಿಲ್ಲಿಸಬೇಕೆಂದರೂ ನಿಲ್ಲುತ್ತಿರಲಿಲ್ಲ. ಏನಾಗುತ್ತಿದೆ ಎಂದು ತಿಳಿಯದೆಯೇ ಆ ಹುಡುಗನೂ ನಗತೊಡಗಿದ. ಇಂದಿಗೂ ಅವರು, "ನಾನು ನಿನ್ನ ನಗು ನೋಡ್ದೆ, ಹಲ್ಲು ನೋಡ್ಲಿಲ್ಲ" ಅನ್ನುತ್ತಾರೆ. ಶುದ್ಧ ಸುಳ್ಳು. ಟಾರ್ಚು ಬೇರೆ ಬಿಟ್ಟಿದ್ದರು, ಕಾಣದೆ ಇರುತ್ತದೆಯೇ.

ಕನ್ನಡಕದ ಹಿರಿಯರೂ ಮಾವನೂ ಸೇರಿ ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಹುಡುಗನ ತಾಯಿ ಸುತ್ತುಬಳಸಿಲ್ಲದೆ ಹಿರಿಯ ಡಾಕ್ಟರರನ್ನೇ ಕೇಳಿದರು: "ಇದೇನು ಕಾಯ್ಲೆ ಸ್ವಾಮಿ? ಅಂಟುತ್ತಾ? ಹುಟ್ಟೋ ಮಕ್ಳಿಗೂ ಬರುತ್ತಾ?"

ನನ್ನ ನಗು ಅಲ್ಲಿಗೆ ನಿಂತಿತು.

ಡಾಕ್ಟರರು ಉತ್ತರ ಹೇಳುವ ಬದಲು ಅಮ್ಮನ ಕಡೆ ನೋಡಿದರು. "ನೀವು ಒಂದ್ಸಲ ಬಾಯಿ ತೆಗೀರಮ್ಮ." ಅಮ್ಮ ತೆರೆದಳು. "ನೀವು ಹುಟ್ಟಿದ್ದೆಲ್ಲಿ?"

"ನಂದೀಲಿ."

"ಈ ಊರಿಗೆ ಬಂದಾಗ ವಯಸ್ಸೆಷ್ಟು?"

"ಹದಿನಾರು."

"ಅದೇ ನೋಡಿ" ಎಂದರು ಅವರು. "ನಿಮ್ಮ ಹಲ್ಲು ನಂದಿ ನೀರಲ್ಲಿ ಆಗಿದ್ದು. ಈ ಹುಡುಗೀದು ಈ ಬಾವಿ ನೀರಲ್ಲಿ."

ಅವರು ಸಾವಧಾನವಾಗಿ ಹೇಳಿದ್ದು ಇಷ್ಟು. ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ರುಚಿಗೂ ತಿಳಿಯುವುದಿಲ್ಲ. ಸ್ವಲ್ಪವಿದ್ದರೆ ಹಲ್ಲಿಗೆ ಒಳ್ಳೆಯದು, ಹೆಚ್ಚಾದರೆ ಹೀಗೆ ಪಟ್ಟೆ. ಹಾಲುಹಲ್ಲು ಬಿದ್ದ ಮೇಲೆ ಬರಬೇಕಾದ ಎರಡನೆಯ ಹಲ್ಲು ಮಗುವಿನ ವಸಡಿನೊಳಗೆ ಬೆಳೆಯುತ್ತಿರುವಾಗಲೇ ಕಲೆ ಒಳಗೆ ಸೇರಿಬಿಡುತ್ತದೆ. ಹೊರಗೆ ಬಂದ ಮೇಲೆ ಉಜ್ಜಿದರೆ ಹೋಗುವುದಲ್ಲ. ಹಲ್ಲು ಪೂರ್ತಿಯಾದ ಮೇಲೆ ಈ ನೀರು ಕುಡಿದವರಿಗೆ ಪಟ್ಟೆ ಬರುವುದಿಲ್ಲ, ಅದಕ್ಕೇ ಈ ಊರಿನ ಸೊಸೆಯಂದಿರು ಪಾರು. ಯಾವ ಊರಿನ ಯಾವ ಬಾವಿಯಲ್ಲಿ ಎಷ್ಟಿದೆ ಎಂದು ಹುಡುಕಿಕೊಂಡೇ ಅವರು ಊರೂರು ತಿರುಗುತ್ತಿದ್ದರು. "ತಾಯಿಯಿಂದ ಮಗೂಗೆ ಬರೋದಲ್ಲಮ್ಮ ಇದು. ನಿಮ್ಮೂರ ನೀರು ಹೇಗೆ, ಅದರ ಮೇಲೆ ಹೋಗುತ್ತೆ" ಎಂದು ಮೇಲೂರಿನವರ ಬಾಯಿಗೂ ಟಾರ್ಚು ಬಿಡಿಸಿದರು. ತಾಯಿ ಮಗ ಇಬ್ಬರದ್ದೂ ಬಿಳಿ. ಮೇಲೂರಿನಲ್ಲಿ ಹುಟ್ಟಿ ಬೆಳೆದವರು.

ಹುಡುಗನ ತಾಯಿ ಹಿತ್ತಲ ಬಾವಿಯ ಕಡೆ ನೋಡಿದರು.

"ಹಂಗಾದ್ರೆ ಐಬು ಹುಡುಗೀದಲ್ಲ, ಬಾವೀದು. ಬಾವಿಯೇನು ನಮ್ಮನೆಗೆ ಬರಲ್ವಲ್ಲ" ಎಂದು ತಟ್ಟೆಯಿಂದ ಕಾಫಿ ಲೋಟ ಎತ್ತಿಕೊಂಡರು. ಕಾಫಿ ಆರಿ ತಣ್ಣಗಾಗಿತ್ತು. ಕುಡಿದರು.

ನನಗೆ ಕುಣಿಯಬೇಕೆನ್ನಿಸಿತು. ಅವರು ಹೆಸರು ಕೇಳಿದಾಗ ಅಪ್ಪನಿಗೆ ಅವಕಾಶವನ್ನೇ ಕೊಡದೆ, ಆ ದೀರ್ಘ 'ಈ'ಯನ್ನು ಎಷ್ಟು ಎಳೆಯಬಹುದೋ ಅಷ್ಟೂ ಎಳೆದು ನಾನೇ ಹೇಳಿದೆ. ಆಮೇಲೆ ಡಾಕ್ಟರರು ಅಪ್ಪನ ಬಾಯಿಯನ್ನೂ ನೋಡಿದರು. ಎಲೆಅಡಿಕೆಯ ಕೆಂಪು ಉಜ್ಜಿ ತೆಗೆದರೆ ಒಳಗೆ 'ತೀವ್ರ' ಸಿಕ್ಕಿತು. ನನಗೆ ಬರೀ ಮಧ್ಯಮ. ಅಪ್ಪ ನನಗಿಂತ ಮೇಲಿನ ತರಗತಿಯಲ್ಲಿ ಪಾಸಾದರು ಎಂದು ನಾನು ಮಾವನಿಗೆ ಹೇಳಿದೆ, ಎಲ್ಲರೂ ನಕ್ಕರು. ತೋಪಿನಿಂದ ಒಬ್ಬೊಬ್ಬರೇ ಇಣುಕಿ ನೋಡಿ, ತೆರಿಗೆಯಲ್ಲ ಹಲ್ಲು ಎಂದು ತಿಳಿದು, ಎಮ್ಮೆ ಗಡಿಯಾರಗಳ ಸಮೇತ ವಾಪಸಾದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಮುಂದೆ ಊರಿಗೆ ಊರೇ ಬಾಯಿ ತೆರೆದು ಸಾಲುಗಟ್ಟಿ ನಿಂತಿತ್ತು. ತಳವಾರ ಎಲ್ಲರಿಗಿಂತ ಮುಂದಿದ್ದ.

ಅಮ್ಮ ಮಾತ್ರ ನಗಲಿಲ್ಲ. ಹೊರಡುವ ಹೊತ್ತಿಗೆ ಡಾಕ್ಟರರು ಅವಳ ಸೊಂಟದಲ್ಲಿದ್ದ ತಂಗಿಯ ಗಲ್ಲ ಹಿಡಿದು ಬಾಯಿ ನೋಡಿದರು. ನಾಲ್ಕು ಹಾಲುಹಲ್ಲು, ಬೆಳ್ಳಗಿದ್ದವು. "ಇವಳಿಗೆ ಇನ್ನೂ ಕಾಲ ಇದೆಯಮ್ಮ. ಇವಳ ಎರಡನೇ ಹಲ್ಲು ಈಗ ಒಳಗೆ ಆಗ್ತಾ ಇದೆ. ಬೇರೆ ನೀರು ಕೊಡಿ. ಕೆರೆ ಕೆಳಗಿನ ಆಳವಿಲ್ಲದ ಬಾವಿ ವಾಸಿ ಇರಬಹುದು, ಕಾಯಿಸಿ ಕೊಡಿ. ಪರೀಕ್ಷೆ ಮಾಡಿ ಕಾಗದ ಬರೀತೀವಿ" ಎಂದು ಬಾವಿಗಳ ನೀರನ್ನು ಬೇರೆಬೇರೆ ಸೀಸೆಗಳಲ್ಲಿ ತುಂಬಿಸಿ, ಚೀಟಿ ಅಂಟಿಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಅಮ್ಮನನ್ನು ಹುಡುಕಿದೆ. ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಮದುವೆ ಗೊತ್ತಾದ ಮನೆಯಲ್ಲಿ ಹೀಗೆ ಕೂರುತ್ತಾರೇನಮ್ಮ ಎಂದು ರೇಗಿಸಲು ಹೋದವಳು ಅವಳ ಮುಖ ನೋಡಿ ಪಕ್ಕದಲ್ಲೇ ಕೂತೆ.

"ಆ ನೀರು ಸೇದಿ ಕುಡಿಸ್ದೋಳೂ ನಾನೇ, ರಕ್ತ ಬರೋ ಹಂಗೆ ಉಜ್ದೋಳೂ ನಾನೇ" ಎಂದಳು. "ಎಷ್ಟು ಅಳ್ತಿದ್ದೆ ನೀನು."

ಅಷ್ಟು ವರ್ಷ ಅವಳ ಮೇಲೆ ನನಗೆ ಸಿಟ್ಟಿತ್ತು, ಅದು ನಿಜ. ಆ ಗಳಿಗೆಯಲ್ಲಿ ಆ ಸಿಟ್ಟನ್ನು ಹುಡುಕಿದರೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆಯಿಂದಲೇ ಅವಳು ಕೆರೆ ಕೆಳಗಿನ ಬಾವಿಗೆ ಹೊರಟಳು. ಹೋಗಿ ಬರಲು ಎರಡು ಮೈಲಿ. ಮನೆಯಲ್ಲೇ ಬತ್ತದ ಬಾವಿಯಿದ್ದು ಊರಾಚೆಯಿಂದ ನೀರು ಹೊರುವವಳನ್ನು ಕಂಡು ಜನ ಆಡಿಕೊಂಡರು. ಅಪ್ಪನಿಗೂ ಅವಮಾನವಾಗುತ್ತಿತ್ತು. ಎರಡು ತಿಂಗಳ ಮೇಲೆ ಬೆಂಗಳೂರಿನಿಂದ ಕಾಗದ ಬಂತು. ಮೇಷ್ಟರು ಓದಿ ಹೇಳಿದರು. ಕೆರೆ ಬಾವಿಯ ನೀರು ಮಕ್ಕಳಿಗೆ ಕೊಡಬಹುದು, ನಮ್ಮ ಬಾವಿಯದ್ದು ಕೊಡಲೇಬಾರದು. "ಊರಿಗೇ ನಮ್ಮ ಬಾವೀದೇ ಜಾಸ್ತಿಯಂತೆ" ಎಂದು ಅಪ್ಪ ಹೇಳಿದ ಧಾಟಿಯಲ್ಲಿ ಬೇಸರವೆಷ್ಟು ಹೆಮ್ಮೆಯೆಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನೆಂಟರಿಗೆ ಚೊಂಬು ಕೊಡುವುದನ್ನು ಬಿಟ್ಟರು.

ನಾನು ಮೇಲೂರಿಗೆ ಬಂದೆ. ರೇಷ್ಮೆಹುಳುವಿಗೆ ಸೊಪ್ಪು ಹಾಕುವುದು ಕಲಿತೆ, ಮಕ್ಕಳಾದವು, ಅತ್ತೆಯ ಜೊತೆ ಜಗಳವಾಡಿದೆ, ಅವರ ಜೊತೆಗೇ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ತವರಿಗೆ ಹೋದಾಗಲೆಲ್ಲ ಅಮ್ಮ ಬಿಂದಿಗೆ ಹೊತ್ತು ಬರುವುದನ್ನು ನೋಡುತ್ತಿದ್ದೆ. ಮಳೆಗಾಲದಲ್ಲೂ ತಪ್ಪಿಸಲಿಲ್ಲ, ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಸಾಕು ಬಿಡಮ್ಮ ಅಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಆರು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಮ್ಮ ಮೇಲೂರಿನ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಹಿಡಿದುಕೊಂಡು ತಂಗಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ಇಬ್ಬರ ತಲೆಯ ಮೇಲೂ ಧೂಳು. ಯಾರಿಗೇನಾಯಿತೋ ಎಂದು ಓಡಿ ಬಂದೆ. ಕಾಲು ತೊಳೆಯಲು ನೀರು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಚಾಪೆ ಹಾಸಿದರೆ ಕೂರಲಿಲ್ಲ.

"ಅಕ್ಕಂಗೆ ತೋರ್ಸಮ್ಮ" ಎಂದಳು ತಂಗಿಗೆ.

ತಂಗಿ ನಾಚುತ್ತಾ ತುಟಿ ಬಿಚ್ಚಿದಳು. ಮುಂದಿನ ಹಾಲುಹಲ್ಲು ಬಿದ್ದು ಅಲ್ಲಿ ಎರಡು ಹೊಸ ಹಲ್ಲು ಅರ್ಧ ಇಳಿದಿದ್ದವು. ಅಂಚು ಇನ್ನೂ ಗರಗಸದ ಹಾಗಿತ್ತು. ನಾನು ಅವಳನ್ನು ಬಾಗಿಲ ಬೆಳಕಿಗೆ ತಿರುಗಿಸಿ, ತುಟಿ ಎತ್ತಿ ನೋಡಿದೆ, ಮತ್ತೊಮ್ಮೆ ನೋಡಿದೆ. ಒಂದು ಗೆರೆಯಿರಲಿಲ್ಲ. ಪೂರಾ ಬಿಳಿ.

"ನಿನ್ ಕಾಲಕ್ಕೆ ನಂಗೆ ಗೊತ್ತಿರ್ಲಿಲ್ಲ ಕಣೇ" ಎಂದಳು ಅಮ್ಮ.